ವಿದ್ಯಾರ್ಥಿವೇತನ: ದಾನವೋ, ಋಣವೋ?

ಶ್ರಾವಕರ ವ್ರತಗಳನ್ನು ನಿರೂಪಿಸುವ ಆಚಾರ್ಯರು ವ್ರತವನ್ನು ಹೇಳಿ ಸುಮ್ಮನಾಗುವುದಿಲ್ಲ. ಪ್ರತಿಯೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳುತ್ತಾರೆ. ವ್ರತ ಮುರಿಯಿತೆಂದು ಯಾರೂ ಹೇಳಲಾಗದಂತೆ ವ್ರತವನ್ನು ಕೆಡಿಸುವ ಬಗೆಗಳು ಅವು. ತನ್ನ ಪಾಲಿನಲ್ಲಿ ಯೋಗ್ಯನಾದವನಿಗೂ ಪಾಲು ಕೊಡುವ ಅತಿಥಿಸಂವಿಭಾಗ ವ್ರತಕ್ಕೆ ತತ್ತ್ವಾರ್ಥಸೂತ್ರವು ಎಣಿಸುವ ಐದು ಅತಿಚಾರಗಳಲ್ಲಿ ಮೂರು, ಇಂದಿನ ಒಂದು ಸಾರ್ವಜನಿಕ ವಿಷಯಕ್ಕೆ ಅಚ್ಚರಿಯಾಗುವಷ್ಟು ಹೊಂದುತ್ತವೆ. ಪರವ್ಯಪದೇಶವೆಂದರೆ, ಕೊಡಬೇಕಾದುದನ್ನು 'ಇದು ನನ್ನದಲ್ಲ, ಬೇರೆಯವರದು' ಎಂದು ಹೇಳಿ ಜಾರಿಕೊಳ್ಳುವುದು. ಮಾತ್ಸರ್ಯವೆಂದರೆ, ಇನ್ನೊಬ್ಬ ದಾನಿಯ ಮೇಲಿನ ಹೊಟ್ಟೆಕಿಚ್ಚಿನಿಂದ ಕೊಡುವುದು. ಕಾಲಾತಿಕ್ರಮವೆಂದರೆ, ಉಣ್ಣುವ ಹೊತ್ತು ಮೀರಿದ ಮೇಲೆ ಎಲೆ ಹಾಕುವುದು. ಆ ಸಾರ್ವಜನಿಕ ವಿಷಯ ಯಾವುದೆಂದರೆ, ಕಾಲೇಜು ವಿದ್ಯಾರ್ಥಿಗಳಿಗೆ ಸರ್ಕಾರಗಳು ಕೊಡುವ ವಿದ್ಯಾರ್ಥಿವೇತನ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದ ಇವು ಆ ವರ್ಷ ಹೊಸ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವು. ವರ್ಷವಿಡೀ ಹರಿಯುವ ನದಿ ಈ ಸೀಮೆಯಲ್ಲಿಲ್ಲ. ಕೆರೆ, ಕೊಳವೆಬಾವಿ, ಹಿಪ್ಪುನೇರಳೆ, ದ್ರಾಕ್ಷಿ, ಹೂವು, ಟೊಮೇಟೊ ಇವುಗಳ ಮೇಲೆ ನಿಂತ ಸಂಸಾರಗಳೇ ಹೆಚ್ಚು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದ ಮಾರುಕಟ್ಟೆಯೊಡನೆ ದೇಶದಲ್ಲೇ ದೊಡ್ಡದೆಂದು ಹೆಸರಾದುದು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ಈ ಕಸುಬನ್ನು ಅಹಿಂಸಾವ್ರತಿಗಳು ಮನಸಾರ ಒಪ್ಪುವುದು ಕಷ್ಟ. ಆದರೆ ಆ ಕಸುಬಿನ ಮನೆಯಲ್ಲಿ ಹುಟ್ಟಿದ ಮಗು ಬೇರೆ ಕಸುಬನ್ನು ಆರಿಸಿಕೊಳ್ಳಬೇಕಾದರೆ ಅದಕ್ಕೆ ತೆರೆದಿರುವ ದಾರಿ ಹೆಚ್ಚಾಗಿ ಕಾಲೇಜಿನ ಬಾಗಿಲೇ ಎಂಬುದನ್ನು ಅವರು ಮರೆಯುವಂತಿಲ್ಲ.

ರೇಷ್ಮೆ ಹುಳು ಸಾಕುವವರಿಗೆ ಕಾಲಾತಿಕ್ರಮದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಸುಮಾರು ಒಂದು ವಾರ ತಿನ್ನುವ ಸೊಪ್ಪೇ ಅದರ ಬಾಳಿನ ಆಹಾರದ ಬಹುಪಾಲು. ಆ ವಾರ ಸೊಪ್ಪು ತಪ್ಪಿದರೆ, ಮುಂದಿನ ತಿಂಗಳು ಗಾಡಿಗಟ್ಟಲೆ ತಂದು ಸುರಿದರೂ ಚಂದ್ರಿಕೆಯ ಮೇಲೆ ಬಿಡಲು ಹುಳುವಿರುವುದಿಲ್ಲ. ವಿದ್ಯಾರ್ಥಿಯ ವರ್ಷವೂ ಹಾಗೆಯೇ. ಪ್ರವೇಶ ಶುಲ್ಕ, ಪುಸ್ತಕ, ಬಾಡಿಗೆ ಕೋಣೆಯ ಮುಂಗಡ, ಪರೀಕ್ಷಾ ಶುಲ್ಕ, ಇವೆಲ್ಲಕ್ಕೂ ಗೊತ್ತಾದ ದಿನಗಳುಂಟು. ಗೂಡಿನ ಬೆಲೆಗೆ ಗೊತ್ತಾದ ಮಟ್ಟವಿಲ್ಲ, ವಿದ್ಯಾರ್ಥಿವೇತನಕ್ಕೆ ಗೊತ್ತಾದ ದಿನವಿಲ್ಲ. ನಡುವಿನ ತಿಂಗಳುಗಳಲ್ಲಿ ತಾಯಿಯ ಓಲೆ ಗಿರವಿ ಅಂಗಡಿಗೆ ಹೋಗುತ್ತದೆ. ಅದೂ ಇಲ್ಲದ ಮನೆಯಲ್ಲಿ 'ಈ ವರ್ಷ ಬೇಡ, ಬರುವ ವರ್ಷ ನೋಡೋಣ' ಎಂಬ ಮಾತು ಬರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಬರುವ ವರ್ಷವೆಂದರೆ ಎಷ್ಟೋ ಸಲ ಮದುವೆಯೇ. ಪದವಿ ಮುಗಿಸಿದ ಮೇಲೆ, ಇಲ್ಲವೆ ಅರ್ಧಕ್ಕೆ ಬಿಟ್ಟ ಮೇಲೆ ಖಾತೆಗೆ ಬಂದು ಬೀಳುವ ಹಣವನ್ನು ಸರ್ಕಾರದ ಲೆಕ್ಕದ ಪುಸ್ತಕವು 'ವಿತರಿಸಲಾಗಿದೆ' ಎಂದೇ ಬರೆದುಕೊಳ್ಳುತ್ತದೆ. ವ್ರತ ಮುರಿದಿಲ್ಲ, ಕೆಟ್ಟಿದೆ.

ಇಲ್ಲಿ ಈ ನೆಲದ ಒಂದು ಹಳೆಯ ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಯುಕ್ತ. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯ ಒಬ್ಬ ಹುಡುಗ ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದ. ಮುಂದೆ ಎಂಜಿನಿಯರಿಂಗ್ ಓದಲು ಪುಣೆಗೆ ಹೋಗಬೇಕು, ಹಣವಿಲ್ಲ. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. 1883ರಲ್ಲಿ ಆತ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾದ. ಆತನೇ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಎಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಆದರೆ ಆ ವರ್ಷದ ಮೈಸೂರಿನ ಬೊಕ್ಕಸ ಹೇಗಿತ್ತೆಂಬುದನ್ನು ಹೇಳಬೇಕು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಸಂಸ್ಥಾನದ ಲಕ್ಷಾಂತರ ಮಂದಿ ಸತ್ತಿದ್ದರು. 1881ರ ಮಾರ್ಚ್‌ನಲ್ಲಿ ಬ್ರಿಟಿಷರು ಆಡಳಿತವನ್ನು ಒಡೆಯರಿಗೆ ಮರಳಿಸಿದಾಗ, ಅದರೊಡನೆ ಕ್ಷಾಮದ ಕಾಲದ ಸುಮಾರು 80 ಲಕ್ಷ ರೂಪಾಯಿಗಳ ಸಾಲವನ್ನೂ ವಹಿಸಿಕೊಟ್ಟರು. ಮೇಲಿನ ಸರ್ಕಾರಕ್ಕೆ ವರ್ಷಂಪ್ರತಿ ಸಲ್ಲಬೇಕಾದ ಪೊಗದಿಯನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಿಸುವ ಕರಾರೂ ಅದರಲ್ಲಿತ್ತು. ಏರಿಕೆಯನ್ನು ಕೆಲವು ವರ್ಷ ಮುಂದೂಡಲಾಯಿತು, ಅಷ್ಟೆ. ದಿವಾನ್ ರಂಗಾಚಾರ್ಲು ಅವರ ಮುಂದೆ ಇದ್ದದ್ದು ಈ ಲೆಕ್ಕ. 'ಮೇಲಿನವರು ಕಿತ್ತುಕೊಳ್ಳುತ್ತಿದ್ದಾರೆ, ಈ ವರ್ಷ ಆಗುವುದಿಲ್ಲ' ಎಂದು ಹೇಳಲು ಅವರ ಸರ್ಕಾರಕ್ಕಿದ್ದಷ್ಟು ಕಾರಣ ಮುಂದೆ ಬಂದ ಯಾವ ಸರ್ಕಾರಕ್ಕೂ ಇರಲಿಲ್ಲ. ಆದರೂ ಹಣ ಬಂತು, ಬರಬೇಕಾದ ವರ್ಷವೇ ಬಂತು. ಇನ್ನೊಂದು ಮಾತು: ಓದು ಮುಗಿಸಿದ ವಿಶ್ವೇಶ್ವರಯ್ಯನವರು ಸೇರಿದ್ದು ಮುಂಬಯಿ ಪ್ರಾಂತದ ಸೇವೆಗೆ. ಮುಖ್ಯ ಎಂಜಿನಿಯರಾಗಿ ಮೈಸೂರಿಗೆ ಬಂದದ್ದು 1909ರಲ್ಲಿ. ಕೊಟ್ಟ ಹಣದ ಫಲ ಸಂಸ್ಥಾನಕ್ಕೆ ಕಾಣಲು ಕಾಲು ಶತಮಾನ ಹಿಡಿಯಿತು. ಐದು ವರ್ಷದ ಚುನಾವಣೆಯ ಲೆಕ್ಕದಲ್ಲಿ ಇಂಥ ಖರ್ಚು ನಷ್ಟವೆಂದೇ ಕಾಣುತ್ತದೆ.

ಪ್ರತಿಭೆಗೆ ಸಿಕ್ಕ ಈ ವೇತನ ಅಭಾವಕ್ಕೂ ಸಿಗಬೇಕೆ ಎಂಬ ಪ್ರಶ್ನೆ ಅವರ ದಿವಾನಗಿರಿಯ ಕೊನೆಯಲ್ಲಿಯೇ ಎದ್ದಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದ ವರ್ಗಗಳ ಸ್ಥಿತಿಗತಿಯ ಬಗ್ಗೆ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ನೇಮಕಾತಿಯಲ್ಲಿ ಮೀಸಲಾತಿಯನ್ನು ಒಪ್ಪದ ವಿಶ್ವೇಶ್ವರಯ್ಯನವರು ಆ ವರ್ಷವೇ ರಾಜೀನಾಮೆ ಕೊಟ್ಟರು. ಕಾಲ ಮಹಾರಾಜರ ಪಕ್ಷವನ್ನೇ ಹಿಡಿಯಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡಕುಟುಂಬವೊಂದರಲ್ಲಿ ಹುಟ್ಟಿ, ಓದಿಗಾಗಿ ಬೆಂಗಳೂರಿಗೆ ನಡೆದುಹೋಗಿ, ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದ ಎಚ್. ನರಸಿಂಹಯ್ಯನವರು ಈ ಪ್ರಶ್ನೆಗೆ ಬೇರೆ ಉತ್ತರ ಕಂಡುಕೊಂಡರು. ಹುಡುಗ ಕಾಲೇಜಿಗೆ ನಡೆಯುವ ಬದಲು ಕಾಲೇಜೇ ಹುಡುಗನ ಬಳಿಗೆ ನಡೆದು ಬರಲಿ ಎಂಬಂತೆ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ತೆರೆದವು. ಊರಿನಲ್ಲೇ ಕಾಲೇಜಿರುವುದೂ ಒಂದು ಬಗೆಯ ವಿದ್ಯಾರ್ಥಿವೇತನವೇ ಸರಿ.

ಇನ್ನು ಇಂದಿನ ಲೆಕ್ಕಕ್ಕೆ ಬರಬಹುದು. 1976ರ 42ನೆಯ ತಿದ್ದುಪಡಿ ಶಿಕ್ಷಣವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ತಂದಿತು. ಕೇಂದ್ರ, ರಾಜ್ಯಗಳೆರಡೂ ಹೊಣೆಗಾರರಾದುವು. ಇಬ್ಬರು ಹೊಣೆಗಾರರಿದ್ದಲ್ಲಿ ಪರವ್ಯಪದೇಶಕ್ಕೆ ಎಡೆ ತಾನಾಗಿ ಸಿಗುತ್ತದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕಥೆ ಇದಕ್ಕೆ ಸಾಕ್ಷಿ. 1944ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲೇ ಆರಂಭವಾದ ಯೋಜನೆ ಇದು. ಬಹುಕಾಲ ಇದರ ಹಣದ ಹಂಚಿಕೆ ಹೀಗಿತ್ತು: ಒಂದು ಪಂಚವಾರ್ಷಿಕ ಯೋಜನೆಯ ಕೊನೆಯ ವರ್ಷದಲ್ಲಿ ಎಷ್ಟು ಖರ್ಚಾಯಿತೋ ಅಷ್ಟು ಮುಂದಿನ ಅವಧಿಗೆ ರಾಜ್ಯದ ಬದ್ಧ ಹೊಣೆ, ಅದಕ್ಕೆ ಮೇಲ್ಪಟ್ಟದ್ದು ಮಾತ್ರ ಕೇಂದ್ರದ್ದು. ವಿದ್ಯಾರ್ಥಿಗಳು ಹೆಚ್ಚಿದಂತೆಲ್ಲ ರಾಜ್ಯದ ಹೊಣೆಯ ಗೆರೆ ಮೇಲೆ ಮೇಲೆ ಏರುತ್ತ ಹೋಯಿತು. 2017ರಲ್ಲಿ ಹನ್ನೆರಡನೆಯ ಯೋಜನೆ ಮುಗಿದ ಮೇಲೆ ಕೇಂದ್ರದ ಪಾಲು ನೂರರಲ್ಲಿ ಹತ್ತರ ಆಸುಪಾಸಿಗೆ ಕುಸಿಯಿತು. ಹೆಸರು ಕೇಂದ್ರ ಪುರಸ್ಕೃತ ಯೋಜನೆ, ಹೊರೆ ರಾಜ್ಯದ್ದು. ಹಲವು ರಾಜ್ಯಗಳಲ್ಲಿ ಪಾವತಿ ನಿಂತೇ ಹೋಗುವ ಸ್ಥಿತಿ ಬಂತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟವು 2025-26ರವರೆಗಿನ ಐದು ವರ್ಷಗಳಿಗೆ 59,048 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟು, ಅದರಲ್ಲಿ 35,534 ಕೋಟಿ ತನ್ನದೆಂದಿತು. ಪಾಲು ಅರವತ್ತಕ್ಕೆ ನಲವತ್ತಾಯಿತು. ಇದು ನಿಜವಾದ ಸುಧಾರಣೆ, ಒಪ್ಪಿಕೊಳ್ಳಲೇಬೇಕು. ಆದರೆ ಅದರಲ್ಲಿಯೂ ಒಂದು ಗಂಟು ಉಳಿಯಿತು. ರಾಜ್ಯ ತನ್ನ ನಲವತ್ತನ್ನು ಕೊಟ್ಟ ಮೇಲೆಯೇ ಕೇಂದ್ರದ ಅರವತ್ತು ವಿದ್ಯಾರ್ಥಿಯ ಖಾತೆಗೆ ಇಳಿಯುವುದು. ಒಬ್ಬರ ವಿಳಂಬ ಇಬ್ಬರ ವಿಳಂಬವಾಗುತ್ತದೆ, ಕೇಳಿದರೆ ಇಬ್ಬರೂ ಎದುರಿನವರತ್ತ ಬೆರಳು ತೋರಿಸುತ್ತಾರೆ.

ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದ್ದು ಜೈನ ಸಮಾಜಕ್ಕೆ ನೇರವಾಗಿ ತಟ್ಟಿದ ವಿಷಯ. 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಅಧಿಸೂಚಿಸಿದ ಮೇಲೆ ಬಡ ಜೈನ ಮಕ್ಕಳಿಗೂ ಆ ಬಾಗಿಲು ತೆರೆಯಿತು. ಎಂಟು ವರ್ಷಗಳ ತರುವಾಯ, 2022ರ ಕೊನೆಯಲ್ಲಿ, ಒಂದರಿಂದ ಎಂಟನೆಯ ತರಗತಿಯವರೆಗಿನ ವೇತನವನ್ನು ನಿಲ್ಲಿಸಲಾಯಿತು. ಆ ಮಕ್ಕಳಿಗೆ ಶಿಕ್ಷಣ ಹಕ್ಕಿನ ಕಾಯಿದೆ ಇದೆಯೆಂಬುದು ಕಾರಣ. ಸಂಶೋಧಕರಿಗೆ ಸಿಗುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಕೂಡ ಅದೇ ವರ್ಷ ನಿಂತಿತು. 2023ರಲ್ಲಿ, ಪರಿಶೀಲಿಸಿದ 1,572 ಸಂಸ್ಥೆಗಳಲ್ಲಿ 830 ನಕಲಿ ಇಲ್ಲವೆ ನಿಷ್ಕ್ರಿಯ ಎಂದು ಕಂಡುಬಂದು ತನಿಖೆ ಸಿ.ಬಿ.ಐ.ಗೆ ಹೋಯಿತು. ಕಳ್ಳನನ್ನು ಹಿಡಿಯುವುದು ಸರ್ಕಾರದ ಧರ್ಮವೇ. ಆದರೆ ಅನ್ನಛತ್ರದಲ್ಲಿ ಕಳ್ಳ ಹೊಕ್ಕನೆಂದು ಒಲೆಯನ್ನೇ ಆರಿಸಿದರೆ, ಹಸಿದು ಬಂದವನು ಮಾಡಿದ ತಪ್ಪೇನು?

ಹಣವೆಲ್ಲಿ ಎಂದು ರಾಜ್ಯ ಕೇಳುವ ಪ್ರಶ್ನೆಯಲ್ಲಿಯೂ ಹುರುಳಿಲ್ಲದಿಲ್ಲ. ಹಂಚಿಕೆಯ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೆಯ ಹಣಕಾಸು ಆಯೋಗದ ಅವಧಿಯಲ್ಲಿ ಶೇಕಡ 4.713 ಇದ್ದದ್ದು 15ನೆಯ ಆಯೋಗದ ಅವಧಿಯಲ್ಲಿ 3.647ಕ್ಕೆ ಇಳಿಯಿತು. 2024ರ ಫೆಬ್ರವರಿಯಲ್ಲಿ ರಾಜ್ಯದ ಮಂತ್ರಿಮಂಡಲವೇ ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತು ಪ್ರತಿಭಟಿಸಿದ್ದು ಇದಕ್ಕಾಗಿ. ಇಳಿಕೆಗೆ ಮುಖ್ಯ ಕಾರಣ ತಲಾದಾಯ. 15ನೆಯ ಆಯೋಗದ ಸೂತ್ರದಲ್ಲಿ ಶೇಕಡ 45ರಷ್ಟು ತೂಕ ಆದಾಯದ ಅಂತರಕ್ಕೆ ಹೋಯಿತು. ಶ್ರೀಮಂತ ರಾಜ್ಯ ಕಡಿಮೆ ಪಡೆಯಬೇಕು, ಬಡ ರಾಜ್ಯ ಹೆಚ್ಚು ಪಡೆಯಬೇಕು. ಉಳ್ಳವನು ಇಲ್ಲದವನೊಡನೆ ಹಂಚಿಕೊಳ್ಳುವುದು ಸಂವಿಭಾಗವೇ ಆದ್ದರಿಂದ, ಬಿಹಾರದ ಮಗುವಿಗೆ ಹೋದ ಹಣವನ್ನು ಕಂಡು ಕರ್ನಾಟಕದವರು ಕರುಬುವುದು ಸಲ್ಲದು. ತೊಡಕಿರುವುದು ಬೇರೆ ಕಡೆ. ಬೆಂಗಳೂರಿನ ತಂತ್ರಾಂಶ ಕಂಪನಿಗಳ ಗಳಿಕೆಯನ್ನೂ ಗೌರಿಬಿದನೂರಿನ ಕೂಲಿಕಾರನ ಗಳಿಕೆಯನ್ನೂ ಕೂಡಿಸಿ ಭಾಗಿಸಿದ ಸರಾಸರಿಯೇ ಕರ್ನಾಟಕದ ತಲಾದಾಯ. ನಂದಿಬೆಟ್ಟದ ಈಚೆಗಿನ ಮಗು, ಆಚೆಗಿನ ನಗರದ ಸಿರಿಯಿಂದಾಗಿ ಕಾಗದದ ಮೇಲೆ ಸಿರಿವಂತವಾಗುತ್ತದೆ. ಆ ಸಿರಿಯ ಪಾಲು ಅದರ ಮನೆಗೆ ಬರುವುದಿಲ್ಲ, ಆ ಸಿರಿಯ ಹೆಸರಿನಲ್ಲಿ ಆದ ಕಡಿತ ಮಾತ್ರ ಬರುತ್ತದೆ.

ಸೆಸ್ಸಿನ ವಿಚಾರ ಇನ್ನೂ ಚಿಂತನೀಯ. 2004ರಲ್ಲಿ ಶೇಕಡ 2ರ ಶಿಕ್ಷಣ ಸೆಸ್ ಬಂತು, 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೊಂದು ಸೇರಿತು, 2018ರಲ್ಲಿ ಅವು ಆರೋಗ್ಯ ಮತ್ತು ಶಿಕ್ಷಣದ ಹೆಸರಿನಲ್ಲಿ ಶೇಕಡ 4 ಆದುವು. ತೆರಿಗೆ ಕಟ್ಟುವ ಪ್ರತಿಯೊಬ್ಬ ವ್ಯಾಪಾರಿಗೂ ಇದರ ಪರಿಚಯವಿದೆ. ಆದರೆ ಸಂವಿಧಾನದ 270ನೆಯ ವಿಧಿಯ ಪ್ರಕಾರ ಸೆಸ್‌ಗಳು ರಾಜ್ಯಗಳೊಡನೆ ಹಂಚಿಕೆಯಾಗುವುದಿಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಕಾಲೇಜನ್ನು ನಡೆಸುವುದು ರಾಜ್ಯ. ಅದಕ್ಕೆಂದು ಹೆಸರು ಹೇಳಿ ಸಂಗ್ರಹವಾದ ಹಣದ ಬೀಗದ ಕೈ ಇರುವುದು ಕೇಂದ್ರದ ಬಳಿ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ ಒಂದು: ಕೊಳ್ಳುವಾಗ ಒಂದು ಬಳ್ಳ, ಕೊಡುವಾಗ ಇನ್ನೊಂದು ಬಳ್ಳ. ಅಂಗಡಿಕಾರನಿಗೆ ಹೇಳಿದ ಈ ಮಾತನ್ನು ಸರ್ಕಾರಗಳೂ ಕೇಳಿಸಿಕೊಳ್ಳಬಹುದು.

ಹಾಗೆಂದು ರಾಜ್ಯವೂ ಶುದ್ಧಹಸ್ತವಲ್ಲ. ಪರಿಶಿಷ್ಟರ ಉಪಯೋಜನೆಗಳ ಹಣ ಅವರಿಗೇ ಸಲ್ಲಬೇಕೆಂದು 2013ರಲ್ಲಿ ಕಾಯಿದೆ ಮಾಡಿದ ಕರ್ನಾಟಕವೇ, 2023-24ರಲ್ಲಿ ಆ ನಿಧಿಯ 11,000 ಕೋಟಿಗೂ ಹೆಚ್ಚಿನ ಹಣವನ್ನು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಜೋಡಿಸಿತು. ಆ ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರೆ ಎಂಬ ಸಮಜಾಯಿಷಿ ಬಂತು. ಎಲ್ಲರಿಗೂ ಬಡಿಸಿದ ಪಾಯಸವನ್ನು ಒಬ್ಬನ ಪಾಲಿನ ಅಕ್ಕಿಯಿಂದ ಮಾಡಿದಂತೆ. ನಿಷ್ಪಕ್ಷಪಾತವಾಗಿ ಹೇಳಬೇಕಾದರೆ, ಗ್ಯಾರಂಟಿಗಳೆಲ್ಲ ವಿದ್ಯೆಗೆ ಶತ್ರುಗಳೆಂಬ ಮಾತೂ ತಪ್ಪು. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಬಂದ ಮೇಲೆ, ಹಳ್ಳಿಯಿಂದ ಚಿಂತಾಮಣಿಯ ಕಾಲೇಜಿಗೆ ಬರುವ ಹುಡುಗಿಯ ಒಂದು ದೊಡ್ಡ ಖರ್ಚು ಯಾವ ಅರ್ಜಿಯೂ ಇಲ್ಲದೆ ತಪ್ಪಿತು. ಅರ್ಜಿಯಿಲ್ಲದ ನೆರವು ಹೊತ್ತಿಗೆ ಸರಿಯಾಗಿ ಸಿಗುತ್ತದೆ ಎಂಬುದನ್ನು ಗಮನಿಸಬೇಕು. ವಿದ್ಯಾರ್ಥಿವೇತನಕ್ಕಾದರೋ ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರ, ಅದರ ಆರ್.ಡಿ. ಸಂಖ್ಯೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಅಂಕಪಟ್ಟಿಯ ಹೆಸರಿಗೂ ಆಧಾರಿನ ಹೆಸರಿಗೂ ಒಂದಕ್ಷರದ ವ್ಯತ್ಯಾಸ. ಒಂದು ಇನಿಷಿಯಲ್ ಹೆಚ್ಚಾದರೆ ಒಂದು ವರ್ಷ ಕಡಿಮೆಯಾಗುತ್ತದೆ.

ಕಟ್ಟಡ ಕಾರ್ಮಿಕರ ಮಕ್ಕಳ ಶೈಕ್ಷಣಿಕ ಸಹಾಯಧನ ಬಜೆಟ್ಟಿನದೂ ಅಲ್ಲ. ಕಟ್ಟಡ ಕಟ್ಟಿಸುವವರಿಂದ ಕಾರ್ಮಿಕರ ಕಲ್ಯಾಣಕ್ಕೆಂದೇ ವಸೂಲಾದ ಸೆಸ್ಸಿನದು. ಅದರ ದರಗಳೂ 2023ರಲ್ಲಿ ತೀವ್ರವಾಗಿ ಇಳಿದುವು, ವಿದ್ಯಾರ್ಥಿಗಳು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಮಾತ್ಸರ್ಯದ ವಿಷಯ ಹೆಚ್ಚು ಹೇಳುವುದು ಬೇಡ. ಹಿಂದಿನ ಸರ್ಕಾರದ ಯೋಜನೆಗೆ ಹೊಸ ಹೆಸರು, ಹೊಸ ಭಾವಚಿತ್ರ ಬರುವುದನ್ನು ಎಲ್ಲರೂ ಬಲ್ಲರು. 2013-14ರಲ್ಲಿ ಒಂದು ಸರ್ಕಾರದ ವಿದ್ಯಾಸಿರಿ, 2021ರಲ್ಲಿ ಇನ್ನೊಂದರ ರೈತ ವಿದ್ಯಾನಿಧಿ. ಎರಡೂ ಒಳ್ಳೆಯವೇ, ಆದರೆ ತನ್ನ ಹೆಸರಿನದಕ್ಕೆ ಮೊದಲು ಹಣ, ಎದುರಾಳಿಯ ಹೆಸರಿನದಕ್ಕೆ ಕೊನೆಗೆ ಹಣ ಎಂಬ ಪ್ರವೃತ್ತಿ ಒಳ್ಳೆಯದಲ್ಲ.

ಇದು ಬಡದೇಶದ ರೋಗವೆಂದು ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ 1972ರ ಕಾನೂನಿನಿಂದ ಹುಟ್ಟಿ, 1980ರಲ್ಲಿ ಸೆನೆಟರ್ ಕ್ಲೈಬೋರ್ನ್ ಪೆಲ್ ಅವರ ಹೆಸರನ್ನು ಪಡೆದ ಪೆಲ್ ಅನುದಾನವೂ ಅಲ್ಲಿನ ಸಂಸತ್ತಿನ ಆಯವ್ಯಯದ ಜಗಳಕ್ಕೆ ಅಧೀನವೇ. ಅಕ್ಟೋಬರ್‌ನಲ್ಲಿ ತೆರೆಯುವುದು ರೂಢಿಯಾಗಿದ್ದ ಅಲ್ಲಿನ ನೆರವಿನ ಅರ್ಜಿ 2023ರಲ್ಲಿ ಡಿಸೆಂಬರ್ ಕೊನೆಗೆ ತೆರೆಯಿತು. ಎಷ್ಟು ನೆರವು ಸಿಗುವುದೆಂದು ತಿಳಿಯದೆ ಯಾವ ಕಾಲೇಜು ಸೇರಬೇಕೆಂದು ಲಕ್ಷಾಂತರ ಮಕ್ಕಳು ತೀರ್ಮಾನಿಸಲಾರದೆ ಹೋದರು. ಕಾಲಾತಿಕ್ರಮಕ್ಕೆ ದೇಶಭೇದವಿಲ್ಲ.

ಈಗ ಮೂಲಪ್ರಶ್ನೆ. ಅತಿಚಾರದ ಮಾತೆಲ್ಲ ದಾನಕ್ಕೆ ಸಂಬಂಧಿಸಿದುದು. ಸರ್ಕಾರ ಕೊಡುವುದು ದಾನವೇ? ದಾನವೆಂದರೆ ತನ್ನದನ್ನು ಬಿಟ್ಟುಕೊಡುವುದು. ಸರ್ಕಾರಕ್ಕೆ ತನ್ನದೆಂಬುದೇ ಇಲ್ಲ. ಶಿಡ್ಲಘಟ್ಟದ ರೀಲರನ ಮನೆಯವರು ಕೊಳ್ಳುವ ಸಾಬೂನಿನ ಮೇಲೂ ತೆರಿಗೆಯಿದೆ. ವಿದ್ಯಾರ್ಥಿಯ ತಾಯಿಯೇ ಆ ಬೊಕ್ಕಸಕ್ಕೆ ಹಾಕಿದವಳು. ದುರ್ಬಲವರ್ಗಗಳ ಶೈಕ್ಷಣಿಕ ಹಿತವನ್ನು ವಿಶೇಷವಾಗಿ ನೋಡಿಕೊಳ್ಳಬೇಕೆಂದು ಸಂವಿಧಾನದ 46ನೆಯ ವಿಧಿ ಹೇಳುತ್ತದೆ. ಹೀಗೆ ನಿಕ್ಷೇಪವಾಗಿ ಬಂದದ್ದನ್ನು ಹಿಂತಿರುಗಿಸುವವನು ದಾನಿಯಲ್ಲ, ಋಣಿ. ಮನಸ್ಸಿದ್ದರೆ ಕೊಡುವ, ಇಲ್ಲದಿದ್ದರೆ ಬಿಡುವ ದಾನಕ್ಕೇ ಹೊತ್ತು ತಪ್ಪಿಸಬಾರದೆಂಬ ನಿಯಮವಿರುವಾಗ, ಕೊಡಲೇಬೇಕಾದ ಋಣಕ್ಕೆ ಅದು ಎಷ್ಟು ಹೆಚ್ಚಾಗಿ ಅನ್ವಯಿಸಬೇಕು! ತಾರ್ಕಿಕರು ಇದನ್ನೇ ಕೈಮುತಿಕ ನ್ಯಾಯವೆನ್ನುವುದು. ಹಣ ಸಾಲದೆಂಬುದು ನಿಜವಾದರೆ ಅದಕ್ಕೂ ಮರ್ಯಾದೆಯ ಮಾರ್ಗವುಂಟು. ಈ ವರ್ಷ ಇಷ್ಟು ಮಂದಿಗೆ, ಇಷ್ಟೇ ಮೊತ್ತ ಎಂದು ಜೂನ್ ತಿಂಗಳಲ್ಲಿಯೇ ಹೇಳಿಬಿಡಬಹುದು. ಕಡಿಮೆಯಾದರೂ ಖಚಿತವಾದುದನ್ನು ನಂಬಿ ಸಂಸಾರ ಲೆಕ್ಕ ಹಾಕಿಕೊಳ್ಳುತ್ತದೆ. ಹತ್ತು ಸಾವಿರವೆಂದು ಸಾರಿ, ಸಾಲ ಮಾಡಿಸಿ, ಎರಡು ವರ್ಷ ಬಿಟ್ಟು ಕೊಡುವುದರಲ್ಲಿ ಸತ್ಯವ್ರತಕ್ಕೂ ಭಂಗವಿದೆ.

ಪಡೆಯುವವರ ಕಡೆಯ ಮಾತನ್ನೂ ಆಡಬೇಕಾಗಿದೆ, ಅದು ಅಪ್ರಿಯವಾದರೂ. ಪರಿಶಿಷ್ಟರ ವೇತನಕ್ಕೆ ಎರಡೂವರೆ ಲಕ್ಷ ರೂಪಾಯಿಗಳ ವರಮಾನದ ಮಿತಿಯಿದೆ; ಅಲ್ಪಸಂಖ್ಯಾತರ ಯೋಜನೆಗಳಿಗೂ ಇಂಥ ಮಿತಿಗಳಿದ್ದುವು. ಸಂಬಳದಾರನ ವರಮಾನ ಮುಚ್ಚಿಡಲಾಗದು. ಆದರೆ ವ್ಯಾಪಾರಿಯದು, ತೋಟದ ಒಡೆಯನದು ಪ್ರಮಾಣಪತ್ರದಲ್ಲಿ ಎಷ್ಟು ಬೇಕಾದರೂ ಕುಗ್ಗಬಲ್ಲುದು. ಅಂಗಡಿಯೂ ಕಾರೂ ಉಳ್ಳ ಮನೆಯ ಮಗನ ಹೆಸರು ಬಡವರ ಪಟ್ಟಿಯಲ್ಲಿ ಸೇರಿದಾಗ, ನಿಗದಿಯಾದ ಹಣದಲ್ಲಿ ಕೆಳಗಿನ ಒಂದು ಹೆಸರು ಹೊರಬೀಳುತ್ತದೆ. ಆ ಹೊರಬಿದ್ದವನ ಮುಖ ಕಾಣುವುದಿಲ್ಲವಾದ್ದರಿಂದ ಇದು ಅದತ್ತಾದಾನವೆಂದು ಯಾರಿಗೂ ಅನಿಸುವುದಿಲ್ಲ. ಸಮಾಜದ ಹಿರಿಯರು ಮನೆಗಳಲ್ಲಿ ಇದನ್ನು ಕೇಳಬೇಕು.

ಖಾಸಗಿ ದಾನ ಈ ಕೊರತೆಯನ್ನು ತುಂಬಬಲ್ಲುದೆ? ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಸುಜ್ಞಾನನಿಧಿ ಇದೆ. ಸರ್ಕಾರಿ ಶಾಲೆಗಳಲ್ಲಿ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಯೋಜನೆ 2025ರಲ್ಲಿ ಕರ್ನಾಟಕಕ್ಕೂ ಬಂತು. ಸಾವಿರ ಓಲೆಯ ಪ್ರತಿಗಳನ್ನು ಬರೆಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ನಾಡಿನಲ್ಲಿ ಶಾಸ್ತ್ರದಾನಕ್ಕೆ ಬರವಿರಬಾರದು ನಿಜ. ಆದರೂ ಸಾವಿರಾರು ಕೋಟಿಗಳ ಋಣವನ್ನು ದಾನದಿಂದ ತೀರಿಸುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಹಾಗೆ ಮಾಡಹೊರಟರೆ ಸರ್ಕಾರಕ್ಕೆ ಪರವ್ಯಪದೇಶಕ್ಕೆ ಇನ್ನೊಂದು ಹೆಸರು ಸಿಕ್ಕಂತಾಗುತ್ತದೆ. ದಾನಿಗಳು ಕೊಡಬಲ್ಲ ಹೆಚ್ಚಿನ ವಸ್ತು ಮೊತ್ತವಲ್ಲ, ಹೊತ್ತು. ತಾಲ್ಲೂಕಿನ ಒಂದು ಸಮಾಜ, ಒಂದು ಬಸದಿಯ ಸಮಿತಿ, ಒಂದು ವರ್ತಕರ ಸಂಘ ನಾಲ್ಕೈದು ಲಕ್ಷದ ನಿಧಿಯನ್ನು ತೆಗೆದಿಟ್ಟು, ವೇತನಕ್ಕೆ ಅರ್ಹಳಾಗಿ ಕಾಯುತ್ತಿರುವ ವಿದ್ಯಾರ್ಥಿನಿಗೆ ಜುಲೈಯಲ್ಲಿ ಬಡ್ಡಿಯಿಲ್ಲದೆ ಶುಲ್ಕ ಕಟ್ಟಿ, ಸರ್ಕಾರದ ಹಣ ಬಂದಾಗ ಹಿಂದಕ್ಕೆ ಪಡೆದು ಮುಂದಿನವಳಿಗೆ ಕೊಡಬಹುದು. ಒಂದೇ ಹಣ ವರ್ಷ ವರ್ಷವೂ ತಿರುಗುತ್ತದೆ. ಇಂಥ ನಿಧಿಗೆ ಜಾತಿ, ಮತಗಳ ಮಿತಿ ಹಾಕದಿರುವುದು ಉಚಿತ. ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳಲ್ಲಿ ಬಹಳಷ್ಟು ಮುಸ್ಲಿಮರವು, ಸೊಪ್ಪು ಬೆಳೆಯುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ಕುಳಿತಿರುವ ಸಮಾಜಬಾಂಧವರು ಒಂದು ಪೈಸೆ ಖರ್ಚಿಲ್ಲದೆ ಇನ್ನೊಂದು ಉಪಕಾರವನ್ನೂ ಮಾಡಬಹುದು: ವೇತನ ಮಂಜೂರಾಗಿ ಹಣ ಬಾರದಿರುವ ವಿದ್ಯಾರ್ಥಿಗಳ ಪರೀಕ್ಷಾ ಪ್ರವೇಶಪತ್ರವನ್ನೂ ಅಂಕಪಟ್ಟಿಯನ್ನೂ ಶುಲ್ಕದ ಬಾಕಿಗಾಗಿ ತಡೆಹಿಡಿಯುವುದಿಲ್ಲವೆಂದು ಮಂಡಳಿಯ ಮುಂದಿನ ಸಭೆಯಲ್ಲಿ ಒಂದು ನಿರ್ಣಯ ಬರೆಸಬಹುದು.